ಮೂಗಿನ ಅಳತೆಯಿಂದ ಜಾತಿ ಪ್ರಮಾಣಪತ್ರದವರೆಗೆ: ಪಶ್ಚಿಮ ಬಳ್ಳಾರಿಯ ತಾಲ್ಲೂಕುಗಳಲ್ಲಿ ಮಾನವಶಾಸ್ತ್ರ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಮಾನವಶಾಸ್ತ್ರ ಬಂದದ್ದು ಕಂದಾಯ ಕಚೇರಿ, ಪೊಲೀಸ್ ಠಾಣೆ ಮತ್ತು ಮದ್ರಾಸಿನ ವಸ್ತುಸಂಗ್ರಹಾಲಯದ ದಾರಿಯಿಂದ. ವಿಶ್ವವಿದ್ಯಾಲಯ ಬಂದದ್ದು ತೀರ ಈಚೆಗೆ. ಶಾಸ್ತ್ರ ಬಂದ ಈ ದಾರಿ ಅದರ ಗುಣವನ್ನೂ ಬಹುಮಟ್ಟಿಗೆ ತೀರ್ಮಾನಿಸಿತು. 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಈ ಪ್ರದೇಶವೂ ಸೇರಿತ್ತು. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ಇದು ಮದ್ರಾಸಿನ ಆಡಳಿತದಲ್ಲಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿ ನಡುವೆ ದಾವಣಗೆರೆ ಜಿಲ್ಲೆಗೆ ಹೋಗಿ ಮರಳಿತು. ಹಗರಿಬೊಮ್ಮನಹಳ್ಳಿ ಬ್ರಿಟಿಷರ ಕಾಲದಲ್ಲಿ ತಾಲ್ಲೂಕಾಗಿರಲಿಲ್ಲ, ಕೊಟ್ಟೂರು ಇತ್ತೀಚಿನವರೆಗೂ ಕೂಡ್ಲಿಗಿ ತಾಲ್ಲೂಕಿನ ಊರಾಗಿತ್ತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಇಲ್ಲಿನ ಜನರ ಬಗ್ಗೆ ಬರೆದದ್ದನ್ನು ಹುಡುಕುವವರು ಹಳೆ ಮೈಸೂರಿನ ದಾಖಲೆಗಳನ್ನು ತಿರುವಿ ಹಾಕಿದರೆ ಹೆಚ್ಚೇನೂ ಸಿಗದಿರುವುದಕ್ಕೆ ಕಾರಣ ಇದೇ. ಬರೆದವರು ಮದ್ರಾಸಿನವರು, ಬರೆಸಿದ್ದು ಮದ್ರಾಸ್ ಸರ್ಕಾರ.

ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ. ಅವನಿಗೆ ಇಲ್ಲಿ ಎದುರಾದವರು ಎಂಬತ್ತು ಮಂದಿ ಪಾಳೆಯಗಾರರು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಯ ಮನೆತನಗಳು ಅವರ ಪೈಕಿ. ಯಾರ ಹಕ್ಕು ಎಷ್ಟು ಹಳೆಯದು, ಯಾವ ಊರು ಯಾರಿಂದ ಯಾರಿಗೆ ಬಂತು, ಇನಾಮು ಯಾರ ಕಾಲದ್ದು ಎಂದು ತಿಳಿಯದೆ ಕಂದಾಯ ಕಟ್ಟುವಂತಿರಲಿಲ್ಲ. ಸರ್ವೇಕ್ಷಣೆಯ ಅಧಿಕಾರಿ ಕಾಲಿನ್ ಮೆಕೆಂಜಿ ಆ ಹೊತ್ತಿನಲ್ಲೇ ಮೈಸೂರು ಸೀಮೆಯಲ್ಲೂ ದತ್ತ ಮಂಡಲದಲ್ಲೂ ಊರೂರಿನ ಕೈಫಿಯತ್ತು ಬರೆಯಿಸುತ್ತಿದ್ದ. ಬರೆಸಿದವನು ಅವನು. ಕೇಳಿದವರು, ಬರೆದುಕೊಂಡವರು, ಇಂಗ್ಲಿಷಿಗೆ ತಿರುಗಿಸಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮತ್ತು ಅವರ ಸಹಾಯಕರು. ಕೈಫಿಯತ್ತಿನಲ್ಲಿ ಊರಿನ ಹಿರಿಯರು, ಶಾನುಭೋಗರು, ಮಠದವರು ತಮ್ಮ ಮಾತಿನಲ್ಲೇ ಊರಿನ ಕಥೆ ಹೇಳುತ್ತಾರೆ. ಆಕಳು ಹಾಲು ಸುರಿಸಿದ ಹುತ್ತ, ಮೊಲ ನಾಯಿಯನ್ನು ಅಟ್ಟಿದ ಜಾಗ, ಕೆರೆಗೆ ಬಲಿಯಾದ ಸೊಸೆ ಎಲ್ಲವೂ ಅಲ್ಲಿ ಬರುತ್ತವೆ. ಹೇಳುವವನಿಗೂ ತನ್ನ ಲೆಕ್ಕಾಚಾರ ಇತ್ತು: ತಾನು ಹೇಳಿದ್ದು ಕಡತಕ್ಕೆ ಏರಿದರೆ ಇನಾಮು ಉಳಿದೀತು. ಆದ್ದರಿಂದ ಕೈಫಿಯತ್ತನ್ನು ಮುಗ್ಧ ಜನವಾಣಿ ಎಂದು ಓದುವುದು ತಪ್ಪು. ಆದರೂ ಅಲ್ಲಿ ಊರಿನವನು ಬಾಯಿ ಬಿಟ್ಟು ಮಾತಾಡುತ್ತಾನೆ. ಮುಂದಿನ ನೂರು ವರ್ಷಗಳಲ್ಲಿ ಆ ಬಾಯಿ ಮೆಲ್ಲಗೆ ಮುಚ್ಚಿತು.

1857ರ ದಂಗೆಯ ನಂತರ ಸರ್ಕಾರಕ್ಕೆ ಪಾಳೆಯಗಾರರ ವಂಶಾವಳಿಗಿಂತ ಜನರ ಜಾತಿ, ಆಚಾರ, ನಂಬಿಕೆಗಳ ಮಾಹಿತಿ ಹೆಚ್ಚು ಬೇಕಾಯಿತು. 1871ರ ಜನಗಣತಿ, 1872ರಲ್ಲಿ ಜಾನ್ ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲಾ ಕೈಪಿಡಿ, 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಗೆಜೆಟಿಯರ್ ಈ ಸಾಲಿನವು. ಫ್ರಾನ್ಸಿಸ್ ಒಳ್ಳೆಯ ಗದ್ಯ ಬರೆಯಬಲ್ಲವನು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ, ಬಿಲ್ಲೇರಿ ನಿಂತು ಗೊರವಯ್ಯ ನುಡಿಯುವ ಕಾರಣಿಕ ಅವನ ಪುಸ್ತಕದಲ್ಲಿವೆ. ದಂಗೆಯ ಹಿಂದಿನ ವರ್ಷದ ಕಾರಣಿಕದಲ್ಲಿ ಗೆದ್ದಲುಗಳ ವಿರುದ್ಧ ಎದ್ದುನಿಂತರು ಎಂಬ ಅರ್ಥದ ಮಾತು ಬಂದಿತ್ತೆಂದು ಅವನು ದಾಖಲಿಸುತ್ತಾನೆ. ಕಾರಣಿಕ ಕೇಳಲು ಸೇರುವ ಒಕ್ಕಲಿಗನಿಗೆ ಅದರಲ್ಲಿ ಮಳೆ ಬೆಳೆಯ ಸೂಚನೆ ಬೇಕು, ಕಲೆಕ್ಟರನ ಕಿವಿಗೆ ಬೇಕಾದದ್ದು ದಂಗೆಯ ಸೂಚನೆ. ಕೇಳುವವನ ಅಗತ್ಯ ಬರವಣಿಗೆಯೊಳಗೆ ಹೇಗೆ ಸೇರಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಣ್ಣ, ಇದಕ್ಕಿಂತ ಚೊಕ್ಕ ಉದಾಹರಣೆ ಈ ಭಾಗದಲ್ಲಿ ಸಿಗಲಾರದು.

1901ರಲ್ಲಿ ಭಾರತ ಸರ್ಕಾರ ದೇಶದುದ್ದಕ್ಕೂ ಕುಲಶಾಸ್ತ್ರೀಯ ಸಮೀಕ್ಷೆಗೆ ಮಂಜೂರಾತಿ ಕೊಟ್ಟಿತು. ಹರ್ಬರ್ಟ್ ರಿಸ್ಲೆ ಅದರ ಮುಖ್ಯಸ್ಥ. ಮದ್ರಾಸಿನ ಹೊಣೆ ಎಡ್ಗರ್ ಥರ್ಸ್ಟನ್‌ಗೆ ಬಂತು. ವೈದ್ಯ ಪದವೀಧರನಾದ ಅವನು 1885ರಿಂದ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ. ಮುತ್ತಿನ ಚಿಪ್ಪು, ಹವಳ, ನಾಣ್ಯಗಳನ್ನು ಜೋಡಿಸುತ್ತಿದ್ದ ಕೈ ಮನುಷ್ಯರನ್ನೂ ಅದೇ ಶಿಸ್ತಿನಿಂದ ಜೋಡಿಸತೊಡಗಿತು. ಸಹಾಯಕ ಕೆ. ರಂಗಾಚಾರಿಯ ಜೊತೆ ಅವನು ಸಿದ್ಧಪಡಿಸಿದ ‘ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳು’ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರಬಂತು.

ಆ ಸಂಪುಟಗಳ ಕ್ರಮ ಇಂಗ್ಲಿಷ್ ಅಕಾರಾದಿಯದು. ಬೋಯ, ಅಂದರೆ ಬೇಡರು, ಒಂದನೆಯ ಸಂಪುಟದಲ್ಲಿ. ಕೊರವರು ಮೂರನೆಯದರಲ್ಲಿ. ಕುರುಬ, ಲಂಬಾಣಿ, ಮಾದಿಗರು ನಾಲ್ಕರಲ್ಲಿ. ಊರಿನಲ್ಲಿ ಇವರು ಹೀಗೆ ಬಿಡಿಬಿಡಿಯಾಗಿ ಬದುಕಿದವರಲ್ಲ. ಸುಗ್ಗಿಯ ಕಣದಲ್ಲಿ ರಾಶಿಯ ಸುತ್ತ ಆಯಗಾರರೆಲ್ಲ ಸೇರುತ್ತಿದ್ದರು: ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ, ಮಾದಿಗ. ಯಾರಿಗೆ ಎಷ್ಟು ಮೊರ, ಯಾರು ಮೊದಲು, ಯಾರು ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದರಲ್ಲಿ ಆ ಸಮಾಜದ ಹೊಂದಾಣಿಕೆಯೂ ಇತ್ತು, ಕ್ರೌರ್ಯವೂ ಇತ್ತು. ಅಕಾರಾದಿ ಎರಡನ್ನೂ ಅಳಿಸಿತು. ಪ್ರತಿ ಜಾತಿಯೂ ಒಂದೊಂದು ಗಾಜಿನ ಪೆಟ್ಟಿಗೆಯೊಳಗೆ ತನ್ನ ಮದುವೆ, ಸಾವು, ಬಳಿ, ಬೆಡಗಿನೊಂದಿಗೆ ಒಂಟಿಯಾಗಿ ಕುಳಿತಿತು. ದಬ್ಬಾಳಿಕೆಯ ಸಂಬಂಧ ಮರೆಗೆ ಸರಿದು ಆಚಾರದ ವಿಚಿತ್ರ ಮಾತ್ರ ಕಣ್ಣಿಗೆ ಬೀಳುವಂತಾಯಿತು.

ಥರ್ಸ್ಟನ್‌ನ ಮುಖ್ಯ ಉಪಕರಣ ಮಾತ್ರ ಲೇಖನಿಯಲ್ಲ, ಕ್ಯಾಲಿಪರ್. ತಲೆಯ ಉದ್ದಗಲ, ಎದೆಯ ಸುತ್ತಳತೆ, ಎತ್ತರ, ಪಾದ, ಎಲ್ಲಕ್ಕಿಂತ ಮುಖ್ಯವಾಗಿ ಮೂಗು. ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಮೂಗಿನ ಸೂಚ್ಯಂಕ ಬರುತ್ತದೆ. 70ರ ಕೆಳಗಿದ್ದರೆ ನೀಳ ಮೂಗು, 85 ದಾಟಿದರೆ ಚಪ್ಪಟೆ ಮೂಗು, ನಡುವಿನದು ಮಧ್ಯಮ. ಜಾತಿ ಏಣಿಯಲ್ಲಿ ಮೇಲೇರಿದಂತೆ ಮೂಗು ನೀಳವಾಗುತ್ತದೆ, ಕೆಳಗಿಳಿದಂತೆ ಅಗಲವಾಗುತ್ತದೆ ಎಂಬುದು ರಿಸ್ಲೆಯ ಸಿದ್ಧಾಂತ. ಜಾತಿಯ ಮೂಲ ಜನಾಂಗಭೇದ, ಅದು ಮುಖದ ಮೇಲೇ ಬರೆದಿದೆ ಎಂದು ಅವನು ನಂಬಿದ್ದ. ಈ ಲೆಕ್ಕ ಎಷ್ಟು ಸೂಕ್ಷ್ಮವೆಂದು ನೋಡಲು ದೊಡ್ಡ ಗಣಿತ ಬೇಕಿಲ್ಲ. ಮೂಗಿನ ಉದ್ದ 46 ಮಿಲಿಮೀಟರ್, ಅಗಲ 36 ಆದರೆ ಸೂಚ್ಯಂಕ 78. ಕ್ಯಾಲಿಪರಿನ ತುದಿ ಒಂದು ಮಿಲಿಮೀಟರ್ ಸಡಿಲವಾಗಿ ಕೂತರೆ ಅದು 80. ಬಿಸಿಲಲ್ಲಿ ಹೆದರಿ ಮೂಗರಳಿಸಿ ನಿಂತವನ ಅಳತೆ ನೆರಳಲ್ಲಿ ಸಮಾಧಾನವಾಗಿ ಕೂತವನ ಅಳತೆಗಿಂತ ಬೇರೆಯಾದರೆ ಅಚ್ಚರಿಯಿಲ್ಲ.

ಜನ ಹೆದರಿದ್ದರು ಎಂಬುದಕ್ಕೆ ಥರ್ಸ್ಟನ್‌ನೇ ಸಾಕ್ಷಿ. ತನ್ನ ಮೈಸೂರು ಪ್ರವಾಸದ ಅನುಭವಗಳನ್ನು ಅವನು ಮೊದಲ ಸಂಪುಟದ ಮುನ್ನುಡಿಯಲ್ಲಿ ಕುಶಾಲಿಗೆಂಬಂತೆ ಹೇಳಿಕೊಂಡಿದ್ದಾನೆ. ದಕ್ಷಿಣ ಆಫ್ರಿಕಾಕ್ಕೆ ಜನರನ್ನು ಹಿಡಿದೊಯ್ಯಲು ಬಂದವನೆಂದು ತಿಳಿದು ಊರಿಂದೂರಿಗೆ ಜನ ಓಡಿಹೋದರು. ಉಳಿದವರು ಮುದುಕರು, ಹೆಂಗಸರು, ಕೂಸುಗಳು. ಅಳತೆಯ ಗುರುತಿಗೆಂದು ಮೂಗಿನ ಬುಡದಲ್ಲಿ ಅವನು ಇಡುತ್ತಿದ್ದ ಬಿಳಿ ಬಣ್ಣದ ಚುಕ್ಕೆ ಬೊಕ್ಕೆಯೆದ್ದು ನಂಬರಾಗಿ ಮೂಡುತ್ತದೆ, ಆ ನಂಬರು ನೋಡಿ ಮುಂದೆ ಹಿಡಿಯುತ್ತಾರೆ ಎಂಬ ಸುದ್ದಿ ಹಬ್ಬಿತು. ಒಂದು ಊರಿನಲ್ಲಿ ಕ್ಷೌರಿಕನೇ ಓಡಿಹೋದ್ದರಿಂದ ಅಧಿಕಾರಿ ಕುರುಚಲು ಗಡ್ಡದಲ್ಲೇ ಬೀಳ್ಕೊಡಬೇಕಾಯಿತು. ಇನ್ನೊಂದು ಊರಿನ ಜಾತ್ರೆಯಲ್ಲಿ ತೇರೆಳೆಯಲು ಆಳು ಸಾಲದಾಯಿತು. ಕೊಟ್ಟೂರೇಶ್ವರನ ತೇರಿಗೆ ಸೇರುವ ಜನಸಾಗರ ಕಂಡವರಿಗೆ ಹಗ್ಗ ಹಿಡಿಯಲು ಜನವಿಲ್ಲದ ತೇರು ಎಂದರೆ ಏನೆಂಬುದು ತಟ್ಟನೆ ಹೊಳೆಯುತ್ತದೆ. ಅಳತೆಗೆ ಒಳಹೋಗುವ ಗಂಡನಿಗೆ ಹೆಂಡತಿಯೊಬ್ಬಳು ಇನ್ನು ಕಾಣೆನೆಂಬಂತೆ ವಿದಾಯ ಹೇಳಿದ್ದೂ ಆ ಪುಟಗಳಲ್ಲಿದೆ.

ಥರ್ಸ್ಟನ್‌ಗೆ ಇವೆಲ್ಲ ಅಜ್ಞಾನದ ತಮಾಷೆಗಳು. ನೂರು ವರ್ಷದ ನಂತರ ಓದುವಾಗ ನಗು ಬರುವುದು ಕಷ್ಟ, ಏಕೆಂದರೆ ಜನರ ಊಹೆ ಅಷ್ಟೇನೂ ತಪ್ಪಿರಲಿಲ್ಲ. ಕೂಲಿಗಳನ್ನು ಹಡಗಿಗೆ ತುಂಬಿ ದಕ್ಷಿಣ ಆಫ್ರಿಕಾಕ್ಕೆ ಕಳಿಸುತ್ತಿದ್ದ ಕಾಲವದು. ಮೈಯ ಅಳತೆಯಿಂದ ಆಸಾಮಿಯನ್ನು ಗುರುತಿಸುವ ಪದ್ಧತಿಯನ್ನು ಪೊಲೀಸರು ಬಳಸುತ್ತಿದ್ದರು, ಅದನ್ನು ಪೊಲೀಸ್ ಅಧಿಕಾರಿಗಳಿಗೆ ಕಲಿಸಿದವರಲ್ಲಿ ಥರ್ಸ್ಟನ್ ಸ್ವತಃ ಒಬ್ಬ. ಚುಕ್ಕೆ ನಂಬರಾಗುತ್ತದೆ ಎಂದವರು ವಿಜ್ಞಾನದ ವಿಷಯದಲ್ಲಿ ಎಡವಿದರೂ ಸರ್ಕಾರದ ವಿಷಯದಲ್ಲಿ ಎಡವಲಿಲ್ಲ.

ಆ ವಿಜ್ಞಾನವೂ ಬಹಳ ಕಾಲ ಬಾಳಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಜ್ ಬೋಯಾಸ್ 1911ರ ಹೊತ್ತಿಗೆ ವಲಸಿಗರ ಮಕ್ಕಳ ತಲೆಯ ಆಕಾರ ಅಪ್ಪ ಅಮ್ಮಂದಿರದಕ್ಕಿಂತ ಬೇರೆಯಾಗುತ್ತದೆ ಎಂದು ತೋರಿಸಿದ. ಜನಾಂಗದ ಅಚ್ಚಳಿಯದ ಮುದ್ರೆ ಎಂದುಕೊಂಡದ್ದು ಒಂದು ತಲೆಮಾರಿನಲ್ಲಿ ಬದಲಾಗುವುದಾದರೆ ಅದರ ಮೇಲೆ ಕಟ್ಟಿದ ಶಾಸ್ತ್ರಕ್ಕೆ ಬುಡವಿಲ್ಲ. ಅದೇ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಸೆಮಿನಾರಿನಲ್ಲಿ 1916ರ ಮೇ 9ರಂದು ಭೀಮರಾವ್ ಅಂಬೇಡ್ಕರ್ ಜಾತಿಗಳ ಉಗಮದ ಬಗ್ಗೆ ಪ್ರಬಂಧ ಓದಿದರು. ಜಾತಿಯ ಗುಟ್ಟು ಮೈಬಣ್ಣ ಮೂಗುಗಳಲ್ಲಿಲ್ಲ, ಒಳಮದುವೆಯ ಕಟ್ಟಿನಲ್ಲಿದೆ, ಅದನ್ನು ಕಾಯಲು ಹೆಣ್ಣಿನ ಮೇಲೆ ಹೇರಿದ ಕಟ್ಟುಪಾಡಿನಲ್ಲಿದೆ ಎಂಬುದು ಅವರ ವಾದ. 1932ರಲ್ಲಿ ಜಿ.ಎಸ್. ಘುರ್ಯೆ ರಿಸ್ಲೆಯ ಲೆಕ್ಕವನ್ನು ಒರೆಗೆ ಹಚ್ಚಿ, ಅದು ಎಲ್ಲ ಪ್ರಾಂತ್ಯಗಳಿಗೂ ಹೊಂದುವುದಿಲ್ಲವೆಂದು ತೋರಿಸಿದರು. ಅಂಬೇಡ್ಕರ್ 1948ರಲ್ಲಿ ಅದೇ ಮೂಗಿನ ಅಂಕಿಗಳನ್ನು ತಿರುಗಿಸಿ ಹಿಡಿದು, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗದವರೆಂದು ಸಾಧಿಸಿದರು. ಎದುರಾಳಿಯ ಕೋಲಿನಿಂದಲೇ ಅವನನ್ನು ಹೊಡೆದ ಹಾಗೆ. ಇರಾವತಿ ಕರ್ವೆಯವರದು ಇನ್ನೊಂದು ಧೈರ್ಯ. ಬರ್ಲಿನ್ನಿನಲ್ಲಿ ಅವರ ಮಾರ್ಗದರ್ಶಕ ಯೂಜಿನ್ ಫಿಶರ್, ಮುಂದೆ ನಾಜಿ ಜನಾಂಗನೀತಿಗೆ ಬೆನ್ನೆಲುಬಾದ ವಿದ್ವಾಂಸ. ಅವನ ಊಹೆಯಂತೆ ಯುರೋಪಿಯನ್ನರ ಬುರುಡೆ ಬೇರೆಯಾಗಿರಬೇಕಿತ್ತು. ಕರ್ವೆ 149 ಬುರುಡೆಗಳನ್ನು ಅಳೆದು, ಹಾಗೇನೂ ಇಲ್ಲ ಎಂದು ಬರೆದು ಪದವಿ ಪಡೆದು ಬಂದರು. ಮೈಸೂರಿನಲ್ಲಿ ಎಚ್.ವಿ. ನಂಜುಂಡಯ್ಯ ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ನಾಲ್ಕು ಸಂಪುಟಗಳು 1928ರಿಂದ 1935ರ ನಡುವೆ ಬಂದವು. ಬರೆದವರು ದೇಶೀಯರಾದರೂ ಚೌಕಟ್ಟು ಹಳೆಯದೇ ಉಳಿಯಿತು.

ಮೂಗಿನ ಸೂಚ್ಯಂಕ ಸತ್ತಿತು. ಪೊಲೀಸ್ ಕಡತ ಸಾಯಲಿಲ್ಲ. 1892ರಲ್ಲಿ ಎಫ್.ಎಸ್. ಮುಲಾಲಿ ಎಂಬ ಪೊಲೀಸ್ ಅಧಿಕಾರಿ ಮದ್ರಾಸ್ ಪ್ರಾಂತ್ಯದ ‘ಅಪರಾಧಿ ವರ್ಗ’ಗಳ ಮೇಲೆ ಒಂದು ಪುಸ್ತಕ ಬರೆದ. ಅದರಲ್ಲಿ ಕೊರವರೂ ಇದ್ದಾರೆ, ಲಂಬಾಣಿಗಳೂ ಇದ್ದಾರೆ. ಥರ್ಸ್ಟನ್‌ನ ಸಂಪುಟಗಳು ಈ ಪುಸ್ತಕದಿಂದ ಧಾರಾಳವಾಗಿ ಎತ್ತಿಕೊಂಡವು. ಪೊಲೀಸನ ಶಂಕೆ ವಿದ್ವಾಂಸನ ಅಡಿಟಿಪ್ಪಣಿಯಾಯಿತು, ಆ ಅಡಿಟಿಪ್ಪಣಿಯನ್ನು ತೋರಿಸಿ ಮುಂದಿನ ಪೊಲೀಸ್ ತನ್ನ ಶಂಕೆಯನ್ನು ಶಾಸ್ತ್ರವೆಂದ.

ಕೊರವರ, ಅಂದರೆ ಇಲ್ಲಿನ ಕೊರಚರ, ಒಳಪಂಗಡಗಳ ಹೆಸರುಗಳೇ ಅವರ ಕಸುಬು ಹೇಳುತ್ತವೆ. ಉಪ್ಪು ಕೊರಚರು ಕರಾವಳಿಯ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿ ಒಳನಾಡಿಗೆ ತಂದು, ಇಲ್ಲಿಂದ ಕಾಳುಕಡ್ಡಿ ಹೇರಿಕೊಂಡು ಹೋಗುತ್ತಿದ್ದರು. ದಬ್ಬೆ ಕೊರಚರು ಬಿದಿರು ಸೀಳಿ ಬುಟ್ಟಿ, ಮೊರ, ಕಣಜ ಹೆಣೆಯುವವರು. ಕುಂಚಿಗೆಯವರು ನೇಕಾರರಿಗೆ ಕುಂಚ ಕಟ್ಟಿಕೊಡುವವರು. ಅವರ ಹೆಂಗಸರು ಕಣಿ ಹೇಳುತ್ತ ಊರು ತಿರುಗುತ್ತಿದ್ದರು. ಲಂಬಾಣಿಗಳದು ಇನ್ನೂ ದೊಡ್ಡ ಸಾಗಾಟ. ಟಿಪ್ಪುವಿನ ವಿರುದ್ಧದ ಯುದ್ಧಗಳಲ್ಲಿ ಕಂಪನಿಯ ಸೈನ್ಯಕ್ಕೆ ದವಸ ಹೊತ್ತವೇ ಅವರ ಎತ್ತಿನ ಹಿಂಡುಗಳು. ಸರ್ಕಾರದ ಉಪ್ಪಿನ ಏಕಸ್ವಾಮ್ಯ ಮತ್ತು ರೈಲು ಸೇರಿ ಈ ಸಾಗಾಟವನ್ನು ಮುರಿದವು. ಅರಣ್ಯ ಕಾನೂನುಗಳು ಬಿದಿರಿಗೂ ಮೇವಿಗೂ ಬೇಲಿ ಹಾಕಿದವು. 1876ರಿಂದ 78ರ ಬರ ಬಳ್ಳಾರಿ ಸೀಮೆಯನ್ನು ತಿಂದುಹಾಕಿತು. ಕಸುಬು ಕಳೆದುಕೊಂಡು ಅಲೆಯುವವನ ಅಲೆದಾಟವೇ ಅಪರಾಧದ ಲಕ್ಷಣವಾಯಿತು. ಮದ್ರಾಸಿನ ಕೊರವರ ಈ ಕಥೆಯನ್ನು ಮೀನಾ ರಾಧಾಕೃಷ್ಣ 2001ರ ತಮ್ಮ ಪುಸ್ತಕದಲ್ಲಿ ದಾಖಲೆಗಳ ಸಮೇತ ಬಿಚ್ಚಿಟ್ಟಿದ್ದಾರೆ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ತಿದ್ದುಪಡಿಯಿಂದ ಅದು ಮದ್ರಾಸಿಗೂ ಬಂತು. ಸರ್ಕಾರ ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದರೆ ಸಾಕು, ಹುಟ್ಟಿದ ಕೂಸೂ ಅಪರಾಧಿಯೇ. ಬೆರಳಚ್ಚು ಕೊಡಬೇಕು, ಠಾಣೆಗೆ ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಅಧಿಸೂಚನೆಯನ್ನು ನ್ಯಾಯಾಲಯ ಪ್ರಶ್ನಿಸುವಂತಿರಲಿಲ್ಲ. ಗುಂಟೂರಿನ ಕಡೆ ಸಾಲ್ವೇಶನ್ ಆರ್ಮಿಯ ಉಸ್ತುವಾರಿಯಲ್ಲಿ 1913ರಲ್ಲಿ ಸ್ಟೂವರ್ಟ್‌ಪುರಂ ಎಂಬ ವಸಾಹತು ಎದ್ದಿತು. ಬೊಂಬಾಯಿ ಕರ್ನಾಟಕದಲ್ಲಿ ಎದ್ದ ವಸಾಹತುಗಳ ಹೆಸರು ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ‘ಸೆಟ್ಲಮೆಂಟ್’ ಎಂಬ ಬಡಾವಣೆಯಾಗಿ ಇಂದಿಗೂ ಉಳಿದಿದೆ. ಆಟೋದವನಿಗೆ ಆ ಹೆಸರು ಹೇಳಿದರೆ ಸಾಕು, ಅದರ ಅರ್ಥ ಯಾರೂ ಕೇಳುವುದಿಲ್ಲ.

ಮದ್ರಾಸ್ ಸರ್ಕಾರ ಈ ಕಾಯ್ದೆಯನ್ನು 1947ರಲ್ಲೇ ತನ್ನ ಪ್ರಾಂತ್ಯದಲ್ಲಿ ರದ್ದು ಮಾಡಿತು. ಹಾಗಾಗಿ ದೇಶದ ಉಳಿದೆಡೆ 1952ರ ಆಗಸ್ಟ್ 31ರಂದು ಬಂದ ವಿಮುಕ್ತಿ ಬಳ್ಳಾರಿ ಸೀಮೆಗೆ ಐದು ವರ್ಷ ಮೊದಲೇ ಬಂದಿತ್ತು. ಕಾಗದದ ಮೇಲೆ ಮಾತ್ರ. ಮರುವರ್ಷವೇ, 1948ರಲ್ಲಿ, ಮದ್ರಾಸಿನಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಹುಟ್ಟಿತು. ಕರ್ನಾಟಕದ್ದು 1961ರದು. ಹೊಸ ಕಾಯ್ದೆಯಲ್ಲಿ ಸಮುದಾಯದ ಹೆಸರಿಲ್ಲ, ವ್ಯಕ್ತಿಯ ಹೆಸರಿದೆ. ಆದರೆ ಠಾಣೆಯ ಹಳೆ ರಿಜಿಸ್ಟರು ಓದಿ ಬೆಳೆದ ಕಣ್ಣಿಗೆ ಕಳ್ಳತನವಾದ ರಾತ್ರಿ ಯಾರ ಗುಡಿಸಲು ಮೊದಲು ನೆನಪಾಗುತ್ತದೆ ಎಂಬುದನ್ನು ಕಾಯ್ದೆಯ ಭಾಷೆ ತೀರ್ಮಾನಿಸುವುದಿಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ಅಸಿಂಧುಗೊಳಿಸಿತು. ವಿಮುಕ್ತ ಸಮುದಾಯದವರನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ನಿಯಮಗಳೂ ಅದರಲ್ಲಿ ಸೇರಿದ್ದವು. ಮುಲಾಲಿಯ ಪುಸ್ತಕಕ್ಕೂ ಈ ತೀರ್ಪಿಗೂ ನಡುವೆ 132 ವರ್ಷ.

ಈ ತಾಲ್ಲೂಕುಗಳ ಬಗ್ಗೆ ಬ್ರಿಟಿಷ್ ಮಾನವಶಾಸ್ತ್ರ ಬರೆದ ಬರಹಗಳಲ್ಲಿ ಹೆಚ್ಚು ಓದಿಸಿಕೊಂಡದ್ದು ಬಸವಿಯರ ಮೇಲಿನದು. ಬರೆದವನು ಫ್ರೆಡ್ ಫಾಸೆಟ್, ವೃತ್ತಿಯಿಂದ ಪೊಲೀಸ್ ಅಧಿಕಾರಿ. 1890ರ ದಶಕದ ಆರಂಭದಲ್ಲಿ ಬೊಂಬಾಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ದೇವರಿಗೆ ಬಿಟ್ಟ ಕಾರಣದಿಂದ ಗಂಡಿನ ಹಕ್ಕು ಪಡೆಯುವ ಹೆಂಗಸರು ಎಂಬುದು ಅದರ ತಲೆಬರಹದ ಸಾರ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಮುದ್ರೆ ಒತ್ತಿಸಿ ಬಸವಿ ಬಿಟ್ಟರೆ ಅವಳು ತವರಲ್ಲೇ ಉಳಿಯುತ್ತಾಳೆ. ಹೊಲಮನೆ ಅವಳಿಗೆ ಬರುತ್ತದೆ, ಅಪ್ಪನ ಸಾವಿಗೆ ಅವಳೇ ಮಗನಂತೆ ನಿಲ್ಲುತ್ತಾಳೆ, ಅವಳ ಮಕ್ಕಳು ತಾತನ ಕುಲಕ್ಕೆ ಸೇರುತ್ತಾರೆ. ಫಾಸೆಟ್ ಕಂಡದ್ದು ಸುಳ್ಳಲ್ಲ. ಬೇಸಾಯಕ್ಕೆ ಆಳು, ಮುಪ್ಪಿಗೆ ಊರುಗೋಲು, ಕುಲಕ್ಕೆ ಕುಡಿ ಬೇಕಾದ ಬಡ ಮನೆತನಗಳ ಲೆಕ್ಕಾಚಾರ ಅದರೊಳಗಿತ್ತು. ಆದರೆ ಮುತ್ತು ಕಟ್ಟಿಸಿಕೊಂಡ ಹುಡುಗಿಯ ಒಪ್ಪಿಗೆ ಕೇಳಿದವರು ಯಾರು, ಊರಿನ ಬಲ್ಲಿದ ಜಾತಿಗಳ ಗಂಡಸರಿಗೆ ಇದರಿಂದ ಒದಗಿದ ಅನುಕೂಲವೇನು, ಬಿಡುವ ಮನೆಗಳು ಬಹುಪಾಲು ಮಾದಿಗ, ಹೊಲೆಯ, ಬೇಡರ ಕೇರಿಗಳಲ್ಲೇ ಏಕಿದ್ದವು ಎಂಬ ಪ್ರಶ್ನೆಗಳು ಆ ಬಗೆಯ ಲೇಖನದ ಕಕ್ಷೆಗೆ ಬರುವುದಿಲ್ಲ. ಆಚಾರದ ವಿಚಿತ್ರ ತಿಳಿದರೆ ಲೇಖನ ಮುಗಿಯಿತು.

ಮುಂದೆ ಬಂದ ಸುಧಾರಣೆ ಇನ್ನೊಂದು ತುದಿಗೆ ಹೋಯಿತು. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ, ದೇವರಿಗೆ ಹೆಣ್ಣು ಬಿಡುವುದನ್ನು ನಿಷೇಧಿಸಿ ಬಂದ 1947ರ ಮದ್ರಾಸ್ ಕಾಯ್ದೆ ಆಗ ಬಳ್ಳಾರಿಗೂ ಅನ್ವಯವಾಗುತ್ತಿತ್ತು. ಹಾಗಿದ್ದರೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಕಡೆ ದೇವರಿಗೆ ಬಿಡುವುದು ನಿಲ್ಲಲಿಲ್ಲ. ಕರ್ನಾಟಕ ವಿಧಾನಮಂಡಲ 1982ರಲ್ಲಿ ಹೊಸ ಕಾಯ್ದೆ ಮಾಡಬೇಕಾಯಿತು. 1993-94ರ ಸಮೀಕ್ಷೆಯಲ್ಲಿ ರಾಜ್ಯದ 22,873 ಮಹಿಳೆಯರು, 2007-08ರ ಸಮೀಕ್ಷೆಯಲ್ಲಿ 23,787 ಮಂದಿ ದೇವದಾಸಿಯರೆಂದು ದಾಖಲಾದರು. ಒಟ್ಟು 46,660. ಪಿಂಚಣಿಗೂ ಪುನರ್ವಸತಿಗೂ ಈ ಪಟ್ಟಿಯೇ ಆಧಾರವಾಯಿತು, ಪಟ್ಟಿಯಿಂದ ಹೊರಗುಳಿದವಳು ದಾಖಲೆಯ ಮಟ್ಟಿಗೆ ಇಲ್ಲದವಳಾದಳು. ಒಂದು ಕಾಲದಲ್ಲಿ ಪಟ್ಟಿಗೆ ಬೀಳುವ ಭಯ, ಈಗ ಪಟ್ಟಿಯಿಂದ ಬಿಟ್ಟುಹೋಗುವ ಭಯ.

ಪಟ್ಟಿಯ ಈ ಪಲ್ಲಟದಲ್ಲೇ ಮಾನವಶಾಸ್ತ್ರದ ಇಂದಿನ ತೊಡಕು ಅಡಗಿದೆ. ಸಂವಿಧಾನ ಜಾರಿಗೆ ಬಂದ ಮೇಲೆ ಅದೇ ಸಮುದಾಯಗಳ ಹೆಸರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಪಟ್ಟಿಗಳಲ್ಲಿ ಮರಳಿ ಬಂದವು. ಉದ್ದೇಶ ತದ್ವಿರುದ್ಧ: ಹಳೆಯದು ಕಾವಲಿಗೆ, ಹೊಸದು ನ್ಯಾಯಕ್ಕೆ. ವರ್ಣನೆಯ ಭಾಷೆ ಮಾತ್ರ ಹೆಚ್ಚು ಬದಲಾಗಲಿಲ್ಲ. 1965ರ ಲೋಕೂರ್ ಸಮಿತಿ ಒಂದು ಸಮುದಾಯವನ್ನು ಬುಡಕಟ್ಟು ಎನ್ನಲು ಐದು ಲಕ್ಷಣ ಹೇಳಿತು: ಆದಿಮ ಲಕ್ಷಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ಪ್ರತ್ಯೇಕ ವಾಸ, ಹೊರಗಿನವರ ಒಡನಾಟಕ್ಕೆ ಸಂಕೋಚ, ಹಿಂದುಳಿದಿರುವಿಕೆ. ಥರ್ಸ್ಟನ್ ಬಂದಾಗ ಜನ ಓಡಿಹೋದದ್ದು ಅವನಿಗೆ ತೊಂದರೆಯಾಗಿತ್ತು. ಈ ಅಳತೆಗೋಲಿನಲ್ಲಿ ಓಡಿಹೋಗುವುದು ಅರ್ಹತೆ.

ಈ ತಾಲ್ಲೂಕುಗಳಲ್ಲಿ ಇದರ ಪರಿಣಾಮ ದಿನನಿತ್ಯದ್ದು. ಕೂಡ್ಲಿಗಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲು. ಬೇಡ, ವಾಲ್ಮೀಕಿ, ನಾಯಕ ಹೆಸರುಗಳು 1991ರ ತಿದ್ದುಪಡಿಯಿಂದ ನಾಯಕಡ ಪಂಗಡದ ಪರ್ಯಾಯ ಹೆಸರುಗಳಾಗಿ ಪಟ್ಟಿ ಸೇರಿದವು. ಪರಿವಾರ, ತಳವಾರ ಹೆಸರುಗಳು ಸೇರಿದ್ದು 2020ರಲ್ಲಿ. ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ ಪ್ರಮಾಣಪತ್ರ ನಿಲ್ಲುತ್ತದೆ. ನಾಡಕಚೇರಿಯ ಮುಂದೆ ಅಪ್ಪನ ಶಾಲಾ ದಾಖಲಾತಿಯ ನಕಲು ಹಿಡಿದು ನಿಂತವನ ಪಾಡು ಅಲ್ಲಿನ ಯಾರಿಗೂ ಹೊಸದಲ್ಲ. ನಲವತ್ತು ವರ್ಷದ ಹಿಂದೆ ಮೇಷ್ಟರು ಹುಡುಗನ ಜಾತಿ ಕಾಲಂನಲ್ಲಿ ಏನು ಗೀಚಿದರೋ ಅದೇ ಇಂದು ಮೂಗಿನ ಸೂಚ್ಯಂಕ. ನೌಕರಿ ಸಿಕ್ಕ ಮೇಲೆ ಸಿಂಧುತ್ವ ಪ್ರಮಾಣಪತ್ರದ ಇನ್ನೊಂದು ಸುತ್ತು ಬೇರೆ. ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು ರಾಜ್ಯ ಸರ್ಕಾರ 2025ರ ಆಗಸ್ಟ್‌ನಲ್ಲಿ 6, 6, 5 ಎಂದು ಹಂಚಿದಾಗ ಲಂಬಾಣಿ, ಭೋವಿ, ಕೊರಚ, ಕೊರಮರ ಜೊತೆಗೆ ಸಣ್ಣ ಅಲೆಮಾರಿ ಸಮುದಾಯಗಳನ್ನೂ ಒಂದೇ ಗುಂಪಿಗೆ ಹಾಕಿತು. ಅಲೆಮಾರಿಗಳು ಬೀದಿಗಿಳಿದರು.

ಕಾಡುಗೊಲ್ಲರ ವಿಷಯ ಇನ್ನೂ ಇಕ್ಕಟ್ಟಿನದು. ಕೂಡ್ಲಿಗಿಯಿಂದ ಚಿತ್ರದುರ್ಗ, ತುಮಕೂರಿನವರೆಗೆ ಅವರ ಹಟ್ಟಿಗಳಿವೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯ ಮೇಲೆ ಕುಲಶಾಸ್ತ್ರೀಯ ಅಧ್ಯಯನ ನಡೆದು, ರಾಜ್ಯದ ಶಿಫಾರಸು ಕೇಂದ್ರಕ್ಕೆ ಹೋಗಿದೆ. ಕುಲಶಾಸ್ತ್ರ ಎಂಬ ಪುಸ್ತಕದ ಪದ ಈಗ ಚಹಾ ಅಂಗಡಿಯ ಮಾತಿನಲ್ಲೂ ಓಡಾಡುತ್ತದೆ, ಅದು ಈ ನಾಡಿನ ರಾಜಕೀಯದ ಕೊಡುಗೆ. ಮುಟ್ಟಾದ ಹೆಣ್ಣನ್ನು, ಬಾಣಂತಿಯನ್ನು ಹಟ್ಟಿಯಾಚೆ ಇರಿಸುವ ಸೂತಕದ ಪದ್ಧತಿ ಬಿಡಿಸಲು ಆರೋಗ್ಯ ಇಲಾಖೆ, ಮಹಿಳಾ ಸಂಘಟನೆಗಳು ವರ್ಷಗಳಿಂದ ಹಟ್ಟಿಗಳಿಗೆ ಹೋಗುತ್ತಿವೆ. ಆದಿಮ ಲಕ್ಷಣ ಹುಡುಕುವ ಅಳತೆಗೋಲಿಗೆ ತೂಕ ಕೊಡುವುದೂ ಅಂಥ ಪದ್ಧತಿಯೇ. ಸರ್ಕಾರದ ಒಂದು ಕೈ ಬಿಡು ಎನ್ನುತ್ತದೆ, ಇನ್ನೊಂದು ಕೈ ತೋರಿಸು ಎನ್ನುತ್ತದೆ. ಇದಕ್ಕೆ ಸಮುದಾಯವನ್ನು ದೂರುವುದು ನ್ಯಾಯವಲ್ಲ. ಬಡತನ ಮತ್ತು ಅವಮಾನವನ್ನು ನೇರವಾಗಿ ಅಳೆಯದೆ ಆಚಾರದ ಮೂಲಕ ಅಳೆಯುವ ಹಳೆಯ ಚಾಳಿಯ ಫಲ ಅದು. 1985ರಲ್ಲಿ ಆರಂಭವಾದ ‘ಪೀಪಲ್ ಆಫ್ ಇಂಡಿಯಾ’ ಯೋಜನೆ ಕೆ.ಎಸ್. ಸಿಂಗ್ ಅವರ ನೇತೃತ್ವದಲ್ಲಿ 4,635 ಸಮುದಾಯಗಳನ್ನು ಗುರುತಿಸಿ ದಾಖಲಿಸಿತು. ಸಮುದಾಯಗಳ ನಡುವಿನ ಕೊಡುಕೊಳೆಗೆ ಅದು ಹೆಚ್ಚು ಗಮನ ಕೊಟ್ಟದ್ದು ನಿಜ. ಆದರೂ ಒಂದು ಸಮುದಾಯಕ್ಕೆ ಒಂದು ಲೇಖನ ಎಂಬ ಥರ್ಸ್ಟನ್‌ನ ಪೆಟ್ಟಿಗೆ ಅಲ್ಲಿಯೂ ಉಳಿಯಿತು.

ಗಾಜಿನ ಪೆಟ್ಟಿಗೆಗೆ ಇನ್ನೊಂದು ರೂಪವೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಸೊಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ದುಡಿಮೆ ಅದರ ಹಿಂದಿತ್ತು. ಆ ಹೊಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಈ ಮನ್ನಣೆ ಹುಸಿಯಲ್ಲ, ಕೂಲಿ ಸಿಕ್ಕ ಹೆಂಗಸಿಗೆ ಅದರ ಬೆಲೆ ಗೊತ್ತು. ಕನ್ನಡಿ ಕವಡೆ ಹೊಲಿದ ಪೇಟಿಯಾ ಲಂಗ ಬೆಳಕಿನ ಕೆಳಗೆ ತೂಗುತ್ತಿರುವ ಹೊತ್ತಿನಲ್ಲೇ ಹಡಗಲಿ, ಹರಪನಹಳ್ಳಿ ತಾಂಡಾಗಳ ಜನ ಸುಗ್ಗಿ ಮುಗಿಯುತ್ತಲೇ ಕಬ್ಬು ಕಡಿಯಲು, ಕಾಫಿ ಸೀಮೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಪ್ರದರ್ಶನದ ಫಲಕದ ಮೇಲೆ ಗುಳೆಗೆ ಜಾಗವಿರುವುದಿಲ್ಲ.

ಮಾನವಶಾಸ್ತ್ರದ ಬರಹಗಳನ್ನೆಲ್ಲ ಸುಟ್ಟುಬಿಡಬೇಕು ಎಂಬ ವಾದ ಈ ಭಾಗದಲ್ಲಿ ಯಾರೂ ಮಾಡಿಲ್ಲ, ಮಾಡಲೂ ಬಾರದು. ಮೆಕೆಂಜಿ ಬರೆಯಿಸಿದ ಕೈಫಿಯತ್ತುಗಳೇ ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ 1994ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಹೊರಬಂದು, ಸ್ಥಳೀಯ ಇತಿಹಾಸ ಬರೆಯುವವರ ಕೈಪಿಡಿಯಾದವು. ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ ವಿಭಾಗ, ಜಾನಪದ ವಿಭಾಗಗಳು ಬಂದ ಮೇಲೆ ಸಂಶೋಧಕ ಹೊರಗಿನಿಂದ ಕುದುರೆಯೇರಿ ಬರುವುದು ನಿಂತಿತು. ಮ್ಯಾಸಬೇಡರ ಹಟ್ಟಿಯ ಹುಡುಗನೇ ತನ್ನ ಮನೆಯ ದೇವರ ಎತ್ತು, ಅದನ್ನು ಕಾಯುವ ಕಿಲಾರಿ, ಪೆಟ್ಟಿಗೆ ದೇವರು, ಗಾದ್ರಿಪಾಲನಾಯಕನ ಕಥೆಯ ಮೇಲೆ ಪ್ರಬಂಧ ಬರೆಯುವಂತಾಯಿತು. ಅವನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಥರ್ಸ್ಟನ್‌ನ ಉಲ್ಲೇಖ ಇದ್ದೇ ಇರುತ್ತದೆ. ಕೆಲವರು ಅವನನ್ನು ಪ್ರಮಾಣವಾಗಿ ಉದ್ಧರಿಸುತ್ತಾರೆ, ಕೆಲವರು ಜಗಳಕ್ಕೆ ಎಳೆಯುತ್ತಾರೆ. ಎರಡನೆಯ ಬಗೆಯವರ ಸಂಖ್ಯೆ ಇನ್ನೂ ಕಡಿಮೆ.

ಫಾಸೆಟ್‌ನ ಲೇಖನದಲ್ಲಿ ಬಸವಿಯರು ಪ್ರಕರಣಗಳಾಗಿ ಬರುತ್ತಾರೆ. ಆ ಸೀಮೆಯ ನೆರೆಯಲ್ಲೇ, ಮರಿಯಮ್ಮನಹಳ್ಳಿಯ ಜೋಗತಿ ಕಲೆಯಲ್ಲಿ ಬೆಳೆದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲಮ್ಮನ ಕೊಡ ಹೊತ್ತು ಕುಣಿದ ತಮ್ಮ ಬದುಕನ್ನು ಅವರು ತಾವೇ ಹೇಳಿದರು, ಅರುಣ್ ಜೋಳದಕೂಡ್ಲಿಗಿ ಅದನ್ನು ನಿರೂಪಿಸಿದರು. ‘ನಡುವೆ ಸುಳಿವ ಹೆಣ್ಣು’ ಎಂಬ ಆ ಪುಸ್ತಕದಲ್ಲಿ ಕೇಳಿದವನೂ ಇದ್ದಾನೆ, ಬರೆದವನೂ ಇದ್ದಾನೆ. ಆದರೆ ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಹೇಳಿದವರ ಕೈಯಲ್ಲಿದೆ.